ಕೂಗಿದವನು ಹೆಜ್ಜೆ ತೋರಿಸಬೇಕು

ಆಗ ನನಗೆ ಮೂವತ್ತಾರು. ಅದಾಗಿ ನಲವತ್ತೇಳೋ ನಲವತ್ತೆಂಟೋ ವರ್ಷವಾಯಿತು. ಎಮರ್ಜೆನ್ಸಿ ಎತ್ತಿದ ವರ್ಷ ಅಂದರೆ ಓದಿದವರಿಗೆ ಗೊತ್ತಾಗುತ್ತದೆ.

ಕರ್ನಾಟಕದ ಗಡಿ ದಾಟಿದರೆ ಸಿಗುವ ನಮ್ಮೂರು ತಿಗನಾರೆಯಲ್ಲಿ ಬಸ್ಸು ನಿಲ್ಲುವ ಹುಣಸೆಮರದ ಪಕ್ಕ ನನ್ನದೊಂದು ಟೀ ಅಂಗಡಿ ಇತ್ತು. ಅಂಗಡಿ ಅಂದರೆ ನಾಲ್ಕು ಗಳ, ಮೇಲೆ ಹುಲ್ಲು, ಒಂದು ಒಲೆ, ಒಂದು ಬೆಂಚು. ಬೆಂಚು ನನ್ನದು. ಮುಂದೆ ಇದರ ಮೇಲೇ ಜಗಳ ಬರುವುದರಿಂದ ಈಗಲೇ ಹೇಳಿಟ್ಟಿರುತ್ತೇನೆ. ಘಟ್ಟದ ಮೇಲಿನ ದಿಂಬಂನಲ್ಲಿ ಒಬ್ಬ ಟೀ ಅಂಗಡಿಯವನು ಮುರಿದುಹೋಯಿತು ಅಂತ ಮೂಲೆಗೆಸೆದಿದ್ದ ಹಲಗೆಯನ್ನು ಬೇಡಿ, ಲಾರಿಗೆ ಹಾಕಿಸಿ ತಂದು, ನಾನೇ ನಿಂತು ಕಾಲು ಹೊಡೆಸಿದ್ದೆ. ನಮ್ಮನೆಯವರು ಎರಡೆಕರೆ ಒಣಭೂಮಿ, ನಾಲ್ಕು ದನ ನೋಡಿಕೊಂಡಿದ್ದರು. ಮಾತು ಬಲು ಕಡಮೆ. ಒಂದು ದಿನ ಆಡಿದ್ದರಲ್ಲೇ ವಾರ ತಳ್ಳುವ ಮನುಷ್ಯ.

ಅವರ ಪಾಲಿನ ಮಾತನ್ನೂ ಸೇರಿಸಿ ಆಡಲಿಕ್ಕೆ ಅವರ ಚಿಕ್ಕಪ್ಪನ ಮಗ ಒಬ್ಬ ಇದ್ದ. ನನಗೆ ಮೈದುನ. ಎಂಟನೇ ಕ್ಲಾಸಿನ ತನಕ ಓದಿದ್ದ, ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಂಡಿದ್ದ. ಗೆಟ್ಟವಾಡಿ ಕಡೆಯಿಂದ ಚಾಮರಾಜನಗರಕ್ಕೆ ದಿನಾ ಹೋಗಿ ಬರುವ ಒಬ್ಬರು ಓದಿ ಬಿಟ್ಟ ಪೇಪರು ಮಾರನೆ ದಿನ ಇವನ ಕೈಗೆ ಬರುತ್ತಿತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬಾ ವಿಭೂತಿ ಬಳಿದುಕೊಂಡು, ಆ ಹಳೇ ಪೇಪರನ್ನು ನನ್ನ ಬೆಂಚಿನ ಮೇಲೆ ಹರಡಿ ಹೊಸದಾಗಿ ಓದುತ್ತಿದ್ದ. ಬೆಂಚಿನಲ್ಲಿ ಮೂವರು ಕೂರಬಹುದು. ಇವನೂ ಪೇಪರೂ ಕೂತರೆ ಮುಗಿಯಿತು.

ಎಮರ್ಜೆನ್ಸಿಯಲ್ಲಿ ಇವನು ಬಾಯಿ ತೆಗೆದದ್ದು ಉಣ್ಣುವುದಕ್ಕೆ, ಆಕಳಿಸುವುದಕ್ಕೆ, ಅಷ್ಟೆ. ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿದೊಯ್ಯುವ ಜೀಪು ಬಂತು ಅಂದರೆ ಹುಲ್ಲಿನ ಮೆದೆಯೊಳಗೆ. ಫಾರೆಸ್ಟ್ ಗಾರ್ಡಿನ ಸೈಕಲ್ ಬೆಲ್ಲು ಕೇಳಿದರೆ ಪೇಪರು ಮಡಿಸಿ ಅದರ ಮೇಲೇ ಕೂತುಬಿಡುತ್ತಿದ್ದ. ಏನು ಸಮಾಚಾರ ಅಂತ ಯಾರಾದರೂ ಕೇಳಿದರೆ, ಮಳೆ ಬರೋ ಹಂಗದೆ ಅನ್ನುತ್ತಿದ್ದ. ಎರಡು ವರ್ಷ ಇವನ ಬಾಯಲ್ಲಿ ಬಂದಷ್ಟು ಮಳೆ ಆಕಾಶದಿಂದ ಬರಲಿಲ್ಲ.

ಅದು ಮುಗಿದ ಮೇಲೆ ಒಂದು ದಿನ ಹುಲ್ಲಿನ ಮೆದೆಯೊಳಗಿಂದ ಹುಲಿ ಎದ್ದು ಬಂತು. ಅಂಗಡಿಗೆ ಬಂದವನೇ ನನಗೆ ಅಂದ:

"ಅತ್ಗೆ, ಇನ್ಮೇಲೆ ಯಾರು ಏನ್ ಬೇಕಾರೂ ಮಾತಾಡ್ಬೌದು ಕಣ. ಮಾತಾಡೋ ಅಕ್ಕುನ್ನ ಸರ್ಕಾರ ವಾಪಸ್ ಕೊಟ್ಬುಟ್ಟದೆ."

"ಯಾವ ಅಂಗ್ಡೀಲಪ್ಪ ಕೊಡ್ತಾವ್ರೆ? ರೇಷನ್ ಕಾರ್ಡ್ ತಕೊಂಡ್ ಓಗ್ಬೇಕಾ, ಚೀಲಾನೂ ಬೇಕಾ?" ಅಂತ ಕೇಳಿದೆ.

ಬೆಂಚಿನವರು ನಕ್ಕರು. ಇವನು ನಗಲಿಲ್ಲ. ಓದು ಬರದವರ ಜೊತೆ ಏನು ಮಾತು ಅನ್ನುವ ಹಾಗೆ ಪೇಪರು ಕೊಡವಿದ.

ಸಿಕ್ಕಿದ ಹಕ್ಕನ್ನು ಸುಮ್ಮನೆ ಇಡುತ್ತಾನೆಯೇ. ಶುರು ಮಾಡಿದ. ಒಬ್ಬರು ಹೊಸ ಎತ್ತು ತಂದು ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದರೆ, ಅದಕ್ಕೆ ಮೆಳ್ಳೆಗಣ್ಣು ಅಂದ. ಒಂದು ಸಾವಿನ ಮನೆಯಲ್ಲಿ, ಹೆಣ ಇನ್ನೂ ಎತ್ತಿರಲಿಲ್ಲ, ಸತ್ತವಳು ಎಂಥ ಜಿಪುಣಿ ಅಂತ ಅವಳ ಸೊಸೆಯ ಮುಂದೆ ಹೇಳಿ ಬಂದ. ಮಕ್ಕಳಾಗದ ಹೆಂಗಸಿಗೆ ಯಾಕಾಗಿಲ್ಲ ಅಂತ ಬಸ್ಸಿನಲ್ಲಿ ವಿವರಿಸಿದ. ಯಾರಾದರೂ ಮುಖ ಕೆಡಿಸಿಕೊಂಡರೆ, ಇದ್ದದ್ ಇದ್ದಂಗೆ ಯೋಳಕ್ಕೂ ಎದೆ ಬೇಕು ಅನ್ನುತ್ತಿದ್ದ. ಹಾಗೆ ಎದೆ ಇದ್ದವನು ರೇಂಜರ್ ಬಗ್ಗೆ ಒಂದು ಮಾತಾಡಿದ್ದನ್ನು ನಾನು ಕೇಳಲಿಲ್ಲ. ನಮ್ಮ ದನ ಕಾಡಿಗೆ ಬಾಯಿ ಹಾಕಿದರೆ ಹಿಡಿದು ಕಟ್ಟುತ್ತಿದ್ದ ಆ ರೇಂಜರು ಬಂದಾಗ ಮಾತ್ರ ಇವನು ಬೆಂಚು ಒರೆಸಿ ಕೊಡುತ್ತಿದ್ದ. ಇವನ ಸ್ವಾತಂತ್ರ್ಯ ನೀರಿದ್ದ ಹಾಗೆ, ಇಳಿಜಾರು ಇದ್ದ ಕಡೆಗೇ ಹರಿಯುತ್ತಿತ್ತು.

ಯಾರಾದರೂ ತಿರುಗಿ ಒಂದು ಮಾತು ಅಂದರೋ, ಆಗ ನೋಡಬೇಕು. "ನನ್ ಮಾತಾಡೋ ಅಕ್ಕಿಗೆ ಅಡ್ಡ ಬತ್ತಾವ್ರೆ" ಅಂತ ಊರೆಲ್ಲ ಕೇಳುವ ಹಾಗೆ ಗೋಳಾಡುತ್ತಿದ್ದ. ಎತ್ತಿನವರು ಇವನ ಕಣ್ಣಿನ ಬಗ್ಗೆಯೂ ಎರಡು ಮಾತು ಹೇಳಿದ್ದಕ್ಕೆ ಎಂಟು ದಿನ ಅವರ ಜೊತೆ ಮಾತು ಬಿಟ್ಟಿದ್ದ. ಇವನು ತಿಳಿದುಕೊಂಡಿದ್ದು ಇಷ್ಟು: ಬಾಯಿ ತನ್ನದು, ಕಿವಿ ಊರಿನದು.

ಇಲ್ಲಿಯ ತನಕ ನಗುವ ಸಂಗತಿಯೇ. ನಾನೂ ನಕ್ಕಿದ್ದೇನೆ.

ಈಗ ನಮ್ಮ ಕೂಗಿನ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ನಮ್ಮ ಹೊಲಗಳೆಲ್ಲ ಕಾಡಿನ ಅಂಚು. ರಾಗಿ ತೆನೆ ಬಿಟ್ಟಿತು ಅಂದರೆ ಕಾವಲು. ಹಂದಿ ಬಂದರೆ ಒಂದೇ ಉದ್ದದ ಕೂಗು. ದೊಡ್ಡದು ಬಂದರೆ ತುಂಡು ತುಂಡಾಗಿ ಎರಡು. ದೊಡ್ಡದು ಅಂದರೆ ಆನೆ. ಹೊಲದಲ್ಲಿ ನಿಂತು ಅದರ ಹೆಸರು ಹೇಳುವುದಿಲ್ಲ. ಕೂಗು ಕೇಳಿದ ಪಕ್ಕದ ಹೊಲದವನು ತಕ್ಷಣ ಮುಂದಕ್ಕೆ ಕೂಗು ಕೊಡಬಾರದು. ಮೊದಲು "ಕಂಡ್ಯಾ?" ಅಂತ ಕೇಳಬೇಕು. ಅಲ್ಲಿಂದ "ಕಂಡೆ" ಅಂತ ಬಂದರೆ ಮಾತ್ರ ಮುಂದಿನ ಹೊಲಕ್ಕೆ ದಾಟಿಸಬೇಕು. ಬೆಳಗಾದ ಮೇಲೆ ಕೂಗಿದವನು ಎಲ್ಲರನ್ನೂ ಕರೆದುಕೊಂಡು ಹೋಗಿ ಹೆಜ್ಜೆ ತೋರಿಸಬೇಕು. ಹೆಜ್ಜೆ ಇಲ್ಲದಿದ್ದರೆ ಏಳು ಹೊರೆ ಮುಳ್ಳು ಕಡಿದು ತಂದು ಎಲ್ಲಿ ಬೇಲಿ ಸಡಿಲವಿದೆಯೋ ಅಲ್ಲಿ ಕಟ್ಟಬೇಕು. ಕಂಡ್ಯಾ ಅಂತ ಕೇಳದೆ ಕೂಗು ದಾಟಿಸಿದವನಿಗೆ ಒಂದು ಹೊರೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಸುಳ್ಳು ಕೂಗಿಗೆ ನಾಲ್ಕು ಸಲ ಎದ್ದು ಓಡಿದವನು ಐದನೆಯ ಸಲ ನಿಜವಾದ ಕೂಗಿಗೆ ಏಳುವುದಿಲ್ಲ, ಅದಕ್ಕೆ ಮಾಡಿಕೊಂಡದ್ದು.

ನಮ್ಮ ಕಡೆಯ ಹತ್ತು ಹನ್ನೆರಡು ಹೊಲಕ್ಕೆ ಒಬ್ಬ ಕಾವಲಿನವನಿದ್ದ. ಕಾಡಿನ ಜನ. ಅವರ ದೇವರು ಕಾಡೊಳಗೆ ಮರದ ಬುಡದ ಒಂದು ಕಲ್ಲು. ಹೊಲದಂಚಿನಲ್ಲಿ ಅವನಿಗೊಂದು ಗುಡಿಸಲು, ಹೆಂಡತಿ, ಎರಡು ಮಕ್ಕಳು, ಸಿಳ್ಳೆ ಹಾಕಿದರೆ ಎಲ್ಲಿದ್ದರೂ ಬರುವ ಒಂದು ನಾಯಿ. ಕಾವಲಿಗೆ ಸುಗ್ಗಿಯಲ್ಲಿ ಹೊಲಹೊಲದವರೂ ರಾಗಿ ಅಳೆದು ಕೊಡುತ್ತಿದ್ದರು. ವರ್ಷದ ಮುದ್ದೆ ಅದೇ. ನನ್ನ ಅಂಗಡಿಗೂ ಬರುತ್ತಿದ್ದ. ಬೆಂಚಿನ ಮೇಲೆ ಕೂರುತ್ತಿರಲಿಲ್ಲ, ಹೊರಗೆ ಕಲ್ಲಿನ ಮೇಲೆ. ಕಲ್ಲಿನ ಮೇಲೆ ಕೂತುಕೋ ಅಂತ ನಾನು ಹೇಳಿರಲಿಲ್ಲ. ಬೆಂಚಿಗೆ ಬಾ ಅಂತಲೂ ಹೇಳಿರಲಿಲ್ಲ.

ಆ ವರ್ಷ ರಾಗಿ ಹಾಲುಗಟ್ಟುವ ಹೊತ್ತಿಗೆ ನನ್ನ ಮೈದುನನ ಹೊಲಕ್ಕೆ ದೊಡ್ಡದು ಇಳಿಯಿತು. ಮೂರರಲ್ಲಿ ಒಂದು ಪಾಲು ಬೆಳೆ ನೆಲ ಹಿಡಿಯಿತು. ಕಾವಲಿನವನು ಕೂಗಿದ್ದ, ಡಬ್ಬ ಬಡಿದಿದ್ದ. ಇವನ ಹೊಲದಿಂದ "ಕಂಡ್ಯಾ" ಅನ್ನುವುದಕ್ಕೆ ಇವನು ಅಲ್ಲಿರಲಿಲ್ಲ, ಮನೆಯಲ್ಲಿ ಮಲಗಿದ್ದ. ಬೆಳಗ್ಗೆ ಹೊಲ ನೋಡಿಕೊಂಡು ಸೀದಾ ನನ್ನ ಬೆಂಚಿಗೆ ಬಂದು ಕೂತ. ಹೊಟ್ಟೆ ಉರಿದಿರುತ್ತದೆ, ಇಲ್ಲ ಅನ್ನುವುದಿಲ್ಲ. ಟೀ ಕುಡಿಯುತ್ತ ಅಂದ:

"ಆ ಕಾಡ್ನೋನು ಸಂಜೆ ಸಂಜೆ ಸಿಳ್ಳೆ ಆಕ್ತಾನಲ್ಲ, ನಾಯ್ಗೆ ಅಂದ್ಕಂಡಿದ್ದೀರಾ ನೀವು? ದೊಡ್ಡದುಕ್ಕೆ ಅದು. ನೆಂಟ್ರನ್ನ ಕರದಂಗೆ ಕರೀತಾನೆ."

ಎಲ್ಲರೂ ನಕ್ಕರು. ನೆಂಟರು ಬಂದರೆ ಎಲೆ ಹಾಕುವುದು ಬಿಟ್ಟು ನಿನ್ನ ಹೊಲಕ್ಕೆ ಯಾಕೆ ಕಳಿಸಿದ ಅಂತ ಒಬ್ಬರು ಕೇಳಿದರು. ಇನ್ನೊಬ್ಬರು ಎರಡನೇ ಟೀ ಹೇಳಿದರು. ನಾನೂ ನಕ್ಕೆ, ಟೀ ಹಾಕಿದೆ. ಆವತ್ತು ಹಾಲು ಬೇಗ ಮುಗಿಯಿತು. ಒಳ್ಳೇ ವ್ಯಾಪಾರ.

ಮಧ್ಯಾಹ್ನದ ಬಸ್ಸಿಗೆ ನಿಂತವರಿಗೆ ಆ ಮಾತನ್ನು ನಾನೇ ಹೇಳಿದೆ, ನಗಿಸುವುದಕ್ಕೆ. ಅವರು ನಗುತ್ತಲೇ ಬಸ್ಸು ಹತ್ತಿದರು. ಎರಡು ದಿನ ಬಿಟ್ಟು ಅದೇ ಮಾತು ಅದೇ ಬಸ್ಸಿನಲ್ಲಿ ವಾಪಸ್ಸು ಬಂತು. ಬರುವಾಗ ನಗು ಇರಲಿಲ್ಲ. ತಿಗನಾರೆಯಲ್ಲಿ ಒಬ್ಬ ಕಾವಲಿನವನು ದೊಡ್ಡದನ್ನು ಸಿಳ್ಳೆ ಹಾಕಿ ಹೊಲಕ್ಕೆ ಬಿಡುತ್ತಾನಂತೆ, ಕಣ್ಣಾರೆ ಕಂಡವರಿದ್ದಾರಂತೆ ಅಂತ ನನಗೇ ಹೇಳಿದರು. ನಮ್ಮ ಅಂಗಡಿಯಿಂದ ಹೋದ ಕರು ಹೋರಿಯಾಗಿ ಬಂದಿತ್ತು.

ಮೈದುನನೂ ಹಾಗೆಯೇ ಬೆಳೆಸಿದ. ಮೊದಲ ದಿನ ನೆಂಟರು ಅಂದದ್ದು, ಮೂರನೆಯ ದಿನ ನಾನು ನೋಡಿದ್ದೇನೆ ಅನ್ನುವ ತನಕ ಬಂತು. ಆರನೆಯ ದಿನ ಕಾವಲಿನವನು ರಾತ್ರಿ ಕೂತು ಕಾಯುವ ಅಟ್ಟಣೆಯ ಏಣಿಯನ್ನು ಯಾರೋ ಮುರಿದು ಹಾಕಿದ್ದರು. ಸುಗ್ಗಿಗೆ ಮೊದಲೇ ಗುಡಿಸಲು ಕಿತ್ತುಕೊಂಡು ಹೊರಡಬೇಕು, ರಾಗಿ ಕೇಳಬಾರದು ಅಂತ ಹೊಲದವರು ಮಾತಾಡಿಕೊಂಡರು.

ಕಾವಲಿನವನು ಬಂದ. ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಕೂತ. ಟೀ ಕೇಳಲಿಲ್ಲ.

"ಅವ್ವಾ, ಓಗು ಅಂದ್ರೆ ಓಯ್ತೀನಿ. ರಾಗಿ ಕೊಟ್ಟು ಓಗು ಅನ್ನಿ," ಅಂದ. ಸ್ವಲ್ಪ ಹೊತ್ತು ನೆಲ ಕೆರೆದ. ಆಮೇಲೆ, "ನೀನೂ ನಗ್ತಿದ್ಯಂತಲ್ಲ."

ನನಗೆ ಸಿಟ್ಟು ಬಂತು. ಅವನ ಮೇಲೇ ಬಂತು. ನಾನು ನಕ್ಕರೆ ನಿನಗೇನು, ನನ್ನ ಅಂಗಡಿ, ನನ್ನ ಹಲ್ಲು ಅಂತ ಬಾಯಿಗೆ ಬಂದಿತ್ತು. ಇದು ಯಾರದೋ ಮಾತಿನ ಹಾಗಿದೆಯಲ್ಲ ಅನ್ನಿಸಿ ನುಂಗಿಕೊಂಡೆ. ನನ್ನ ಮೈದುನನ ಹಕ್ಕಿನ ಮಾತು ಎಷ್ಟು ಬೇಗ ಅಂಟುತ್ತದೆ ನೋಡಿ.

ಮಾರನೆ ಬೆಳಗ್ಗೆ ಮೈದುನ ಬೆಂಚಿನ ಮೇಲೆ ಕೂತು ಸಿಳ್ಳೆ ಅಂತ ಶುರು ಮಾಡಿದ. ನಾನು ಹೋಗಿ ಅವನ ಕೈಯಿಂದ ಗ್ಲಾಸು ತೆಗೆದುಕೊಂಡು ಉಳಿದ ಟೀಯನ್ನು ಮಣ್ಣಿಗೆ ಚೆಲ್ಲಿದೆ.

"ಆ ಮಾತು ಇಲ್ಲಿ ಬ್ಯಾಡ. ಬೇರೆ ಏನಾರಾ ಇದ್ರೆ ಮಾತಾಡು, ಇಲ್ದಿದ್ರೆ ಎದ್ದೇಳು."

"ಅತ್ಗೆ, ಮಾತಾಡೋ ಅಕ್ಕು ನಂದು."

"ಬೆಂಚು ನಂದು ಕಣಪ್ಪ."

ಎದ್ದ. ಹುಣಸೆಮರದ ಬುಡಕ್ಕೆ ಹೋಗಿ ನಿಂತು, ಅಲ್ಲಿಂದಲೇ ಮಾತಾಡಿದ. ನಾನು ಅವನ ಹಕ್ಕು ಕಿತ್ತುಕೊಂಡೆನಂತೆ, ಎಮರ್ಜೆನ್ಸಿ ದಿಲ್ಲಿಯಿಂದ ಹೋಗಿ ಟೀ ಅಂಗಡಿಯಲ್ಲಿ ಕೂತಿದೆಯಂತೆ. ಒಂದು ಗಂಟೆ ಮಾತಾಡಿದ. ಬಾಯಿ ಕಿತ್ತುಕೊಂಡ ಮೇಲೆ ಅಷ್ಟು ಮಾತಾಡಿದವನನ್ನು ನಾನು ಆಮೇಲೆ ಕಂಡಿಲ್ಲ.

ಆದರೂ ಒಳಗೆ ಒಂದು ಅಳುಕು. ಏನೋ ಕಾನೂನು ಅನ್ನುತ್ತಾನೆ, ಪೇಪರು ಓದುವವನು. ನಾನು ಬಸ್ಸಿನ ಬೋರ್ಡು ಓದುವಷ್ಟು ಕಲಿತವಳು. ಸಾಯಂಕಾಲ ಶಾಲೆಯ ವಾತ್ಯಾರು, ಅಂದರೆ ಮೇಷ್ಟರು, ಟೀಗೆ ಬಂದಾಗ ಕೇಳಿದೆ. ಘಟ್ಟದ ಕೆಳಗಿನ ಬಯಲಿನ ತಮಿಳಿನವರು, ನಮ್ಮ ಮಾತನ್ನು ಮಕ್ಕಳ ಹತ್ತಿರವೇ ಕಲಿತಿದ್ದರು. ಅವರು ಗ್ಲಾಸು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಮಾತಾಡಿದ್ದಕ್ಕೆ ಸರ್ಕಾರ ಹಿಡಿದು ಒಳಗೆ ಹಾಕಬಾರದು, ಅದಕ್ಕೆ ಇರುವ ಹಕ್ಕು ಅದು. ಸರ್ಕಾರಕ್ಕೂ ಕೆಲವು ಕಡೆ ತಡೆಯುವ ದಾರಿ ಇದೆ. ಒಬ್ಬನ ಮೇಲೆ ಇಲ್ಲದ್ದು ಹೇಳಿ ಅವನ ಬಾಳು ಕೆಡಿಸಿದರೆ ಅವನು ಕೋರ್ಟಿಗೂ ಹೋಗಬಹುದು.

"ಅಂಗಾರೆ ನನ್ ಬೆಂಚು?" ಅಂದೆ.

"ಅಮ್ಮಾ, ಆ ಕಾನೂನು ಸರ್ಕಾರದ ಕೈ ಕಟ್ಟೋದಕ್ಕೆ. ನಿಮ್ಮನ್ನ ಕಟ್ಟಿಹಾಕಿ ಕೇಳಿಸೋದಕ್ಕಲ್ಲ."

ಇದನ್ನು ಮೈದುನನಿಗೂ ಹೇಳಿ ಸ್ವಾಮಿ ಅಂದೆ. ಹೇಳಿದರಂತೆ. ಇವನು, ನೀವು ತಮಿಳಿನವರು, ನಿಮ್ಮ ಕಾನೂನು ಬೇರೆ ಅಂದನಂತೆ. ನಾವೂ ತಮಿಳುನಾಡಿನಲ್ಲೇ ಇರುವುದು ಅನ್ನುವುದು ಆ ಹೊತ್ತಿಗೆ ಅವನಿಗೆ ಮರೆತುಹೋಗಿತ್ತು.

ಕಾವಲಿನವನು ಕೋರ್ಟಿಗೆ ಹೋಗುತ್ತಾನೆಯೇ? ಕೋರ್ಟು ಎಲ್ಲಿದೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಮಗೆ ಇದ್ದದ್ದು ಊರ ಚಾವಡಿ. ಅಲ್ಲಿಗೂ ಮೊದಲು ಹೋದವನು ನನ್ನ ಮೈದುನನೇ. ಎರಡು ದೂರು ಕೊಟ್ಟ. ಕಾವಲಿನವನು ದೊಡ್ಡದನ್ನು ಕರೆದ ಅಂತ ಒಂದು. ನಾನು ಅವನ ಬಾಯಿ ಮುಚ್ಚಿಸಿದೆ ಅಂತ ಇನ್ನೊಂದು.

ಊರ ಯಜಮಾನರು ಒಂದು ಸೋಮವಾರ ಬಿಸಿಲೇರಿದ ಮೇಲೆ ಎಲ್ಲರನ್ನೂ ಸೇರಿಸಿದರು. ನಮ್ಮ ಚಾವಡಿಗೆ ಮೂರು ಮೆಟ್ಟಿಲು. ಗಂಡಸರು ಮೇಲೆ ಕಂಬಳಿಯ ಮೇಲೆ. ಹೆಂಗಸರು ಮೆಟ್ಟಿಲು ಹತ್ತಬಾರದು, ಕೆಳಗೆ ಗೋಡೆಯ ಪಕ್ಕ ನಿಂತಿರಬೇಕು. ಹೆಂಗಸಿಗೆ ಹೇಳುವುದಿದ್ದರೆ ಮನೆಯ ಗಂಡಸಿಗೆ ಹೇಳಬೇಕು, ಅವನು ಮೇಲೆ ಹೇಳಬೇಕು. ಕಾವಲಿನವನು ಇನ್ನೂ ಆಚೆ, ದನ ಕಟ್ಟುವ ಗೂಟದ ಹತ್ತಿರ ಕೂತಿದ್ದ. ಅವನ ಮಾತು ಮೇಲೆ ಹೇಳುವವರು ಯಾರು ಅಂತ ಗೊತ್ತಿರಲಿಲ್ಲ.

ಮೈದುನ ಎದ್ದು ನಿಂತ. ಪೇಪರನ್ನೂ ತಂದಿದ್ದ, ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು. ದೇಶದಲ್ಲಿ ಎಲ್ಲರಿಗೂ ಮಾತಾಡುವ ಹಕ್ಕು ಬಂದಿದೆ, ಮುದುಕ ಹುಡುಗ ಬಡವ ಸಾಹುಕಾರ ಅಂತಿಲ್ಲ, ಗಂಡು ಹೆಣ್ಣು ಅಂತಿಲ್ಲ ಅಂತ ಬಹಳ ಚೆನ್ನಾಗಿ ಹೇಳಿದ. ಮೇಲಿದ್ದವರೆಲ್ಲ ತಲೆ ಆಡಿಸಿದರು. ಕೆಳಗೆ ನಿಂತ ನಾವೂ ಆಡಿಸಿದೆವು, ತಲೆ ಆಡಿಸುವುದಕ್ಕೆ ತಡೆ ಇರಲಿಲ್ಲ.

ಯಜಮಾನರು, ಕಾವಲಿನವನು ಏನಂತಾನೆ ಅಂತ ಕೇಳಿದರು. ಮೈದುನ ಕೂತಲ್ಲಿಂದಲೇ, ಅವನದೇನು ಕೇಳುವುದು, ಅವನು ಊರೊಳಗಿನವನಲ್ಲವಲ್ಲ ಅಂದ. ಎಲ್ಲರಿಗೂ ಹಕ್ಕು ಅಂದ ಬಾಯಿ ಇನ್ನೂ ಮುಚ್ಚಿರಲಿಲ್ಲ.

ನಾನು ಚಾವಡಿಯ ಅಂಚಿನಲ್ಲಿ ಕೂತಿದ್ದ ನಮ್ಮನೆಯವರ ಪಂಚೆ ಹಿಡಿದು ಜಗ್ಗಿದೆ. ಅವರು ಬಗ್ಗಿದರು.

"ಅಸಿ ಸುಳ್ಳುಗಾರ ಅನ್ನಿ ಅವುನ್ನ," ಅಂದೆ.

ಇವರು ಎದ್ದು ಗಂಟಲು ಸರಿ ಮಾಡಿಕೊಂಡು, "ನಮ್ ತಮ್ಮನ್ ಮಾತ್ನಲ್ಲಿ ಚೂರು ವ್ಯತ್ಯಾಸ ಅದೆ ಅಂತಾಳೆ," ಅಂದರು.

ಮತ್ತೆ ಜಗ್ಗಿದೆ. "ಬೇಲಿ ಕಟ್ದೆ ಪೇಪರ್ ಓದ್ತಾ ಕೂತಿದ್ದ ಸೋಂಬೇರಿ ಅನ್ನಿ."

"ಈ ಸಲ ಬೇಲಿ ಕಡೀಕೆ ಅವುನ್ಗೆ ಪುರ್ಸೊತ್ತಾಗ್ನಿಲ್ಲ ಅಂತ ಕಾಣ್ತದೆ."

ಮೂರನೆಯ ಸಲ ಜಗ್ಗಿದಾಗ ಪಂಚೆ ಬಿಚ್ಚಿಹೋಗುವ ಹಾಗಾಯಿತು. ಅದನ್ನು ಹಿಡಿದುಕೊಳ್ಳುವುದರಲ್ಲಿ ಇವರಿಗೆ ನನ್ನ ಮಾತು ಕೇಳಿಸಲೇ ಇಲ್ಲ. ನನ್ನ ಮಾತು ಇಷ್ಟು ದೂರ ನಡೆದು, ಇಷ್ಟು ಸೋಸಿಕೊಂಡು ಮೇಲೆ ಹೋಗುವ ಹೊತ್ತಿಗೆ ಕಾವಲಿನವನು ಗುಡಿಸಲು ಕಿತ್ತುಕೊಂಡು ಕಾಡು ಸೇರಿರುತ್ತಾನೆ ಅನ್ನಿಸಿತು. ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟೆ. ಎರಡನೆಯದರ ಮೇಲೂ ಇಟ್ಟೆ. ಮೂರನೆಯದಕ್ಕೆ ಹೋಗಲಿಲ್ಲ. ನನಗೂ ಮನೆ ಮಕ್ಕಳು ಇದ್ದವು.

ಮೇಲೆ ಗುಜುಗುಜು ಶುರುವಾಯಿತು. ಮೈದುನ ಎದ್ದು ನಿಂತು, "ಯಾವತ್ತಾರಾ ಎಂಗ್ಸು ಚಾವಡಿ ಮ್ಯಾಲೆ ಮಾತಾಡಿದ್ದುಂಟಾ? ಇಳೀರಿ ಅತ್ಗೆ," ಅಂದ.

"ಗಂಡು ಎಣ್ಣು ಅಂತಿಲ್ಲ ಅಂತ ಈಗ್ಲೇ ಅಂದ್ಯಲ್ಲಪ್ಪ. ಪೇಪರ್ನಲ್ಲಿ ಇನ್ನೊಂದ್ಸಲ ನೋಡ್ಕೊ, ಚಾವಡಿ ಬುಟ್ಟು ಅಂತ ಬರ್ದವ್ರಾ?"

ಒಬ್ಬಿಬ್ಬರು ನಕ್ಕರು. ಯಜಮಾನರು ನಗಲಿಲ್ಲ, ಬೈಯಲೂ ಇಲ್ಲ. ಎಲೆಅಡಿಕೆ ಉಗಿಯುವುದಕ್ಕೆ ಆ ಕಡೆ ತಿರುಗಿದರು. ಅದು ಮಾತಾಡು ಅಂದ ಹಾಗೆ. ನಾನು ಹಕ್ಕು ಗಿಕ್ಕು ಅಂತ ಏನೂ ಹೇಳಲಿಲ್ಲ, ಅದು ನನಗೆ ಬರುವುದೂ ಇಲ್ಲ. ಇಷ್ಟೇ ಅಂದೆ:

"ಯಜಮಾನ್ರೇ, ಕಾವಲ್ನೋನು ದೊಡ್ಡದ್ನ ಕರದ ಅಂತ ಇವ್ನು ಊರಿಗೆಲ್ಲ ಕೂಗವ್ನೆ. ಒಲ್ದಲ್ಲಿ ಕೂಗುದ್ರೇನು, ಬೆಂಚ್ ಮ್ಯಾಲೆ ಕೂಗುದ್ರೇನು? ಕೂಗ್ದೋನು ಎಜ್ಜೆ ತೋರುಸ್ಬೇಕು."

ಅಲ್ಲಿ ಕೂತಿದ್ದವರಲ್ಲಿ ಕಾವಲು ಕಾಯದವರು ಯಾರೂ ಇರಲಿಲ್ಲ. ಸುಳ್ಳು ಕೂಗಿಗೆ ಓಡಿ ಕಾಲು ಮುರಿದುಕೊಂಡವರೂ ಇದ್ದರು. ಯಜಮಾನರ ಅಪ್ಪನ ಕಾಲದಿಂದ ಬಂದ ಪದ್ಧತಿ, ಅದನ್ನು ಅವರು ಇಲ್ಲ ಅನ್ನುವಂತಿರಲಿಲ್ಲ.

"ಅದು ಸರಿ," ಅಂದರು. "ನಡೀರಿ ಒಲದ್ ತಕ್ಕೆ."

ಮೈದುನನಿಗೆ ಆಗ ಮೊದಲ ಸಲ ಮಾತು ತಡವರಿಸಿತು. ಅದು ಹೊಲದ ಪದ್ಧತಿ, ಮಾತಿಗೆ ಅಲ್ಲ ಅಂದ. ಬಿಸಿಲು ಅಂದ. ಎಲ್ಲರೂ ಎದ್ದಾಗಿತ್ತು.

ಮಳೆ ಬಿದ್ದು ನಿಂತ ಮೇಲೆ ದೊಡ್ಡದು ಇಳಿದಿತ್ತಾದ್ದರಿಂದ ಕೆಸರಿನಲ್ಲಿ ಹೆಜ್ಜೆ ಬಿದ್ದು, ಆಮೇಲಿನ ಬಿಸಿಲಿಗೆ ಗಟ್ಟಿಯಾಗಿತ್ತು. ಒಂದೊಂದೂ ರೊಟ್ಟಿ ಕಲ್ಲಿನಷ್ಟು. ಯಜಮಾನರು ಕೋಲು ಊರಿಕೊಂಡು ಮುಂದೆ, ಹಿಂದೆ ಗಂಡಸರು, ಅವರ ಹಿಂದೆ ನಾನು. ಕಾವಲಿನವನು ಬದುವಿನ ಮೇಲೇ ದೂರದಲ್ಲಿ ನಡೆದು ಬಂದ. ಅವನ ಗುಡಿಸಲಿನ ಕಡೆ ಒಂದು ಹೆಜ್ಜೆಯೂ ಇರಲಿಲ್ಲ. ಅಟ್ಟಣೆಯ ಕೆಳಗೂ ಇರಲಿಲ್ಲ. ತುಳಿದ ರಾಗಿಯ ನಡುವಿನಿಂದ ಹೆಜ್ಜೆ ಹಿಡಿದು ಹಿಂದಕ್ಕೆ ಹೋದರೆ ಅವು ಸೀದಾ ಮೈದುನನ ಪಾಲಿನ ಬೇಲಿಗೆ ಹೋದವು. ಅಲ್ಲಿ ಹೋದ ವರ್ಷದ ಮುಳ್ಳು ಗೆದ್ದಲು ಹತ್ತಿ ಪುಡಿಯಾಗಿ ಬಿದ್ದಿತ್ತು. ಒಂದು ಗಾಡಿ ಹೋಗುವಷ್ಟು ಬಾಯಿ. ಕರೆಯುವುದಕ್ಕೆ ಸಿಳ್ಳೆ ಯಾಕೆ ಬೇಕು, ಬಾಗಿಲು ತೆಗೆದು ಚಾಪೆ ಹಾಸಿಟ್ಟ ಹಾಗಿತ್ತು.

ಯಜಮಾನರು ಕೋಲಿನಿಂದ ಆ ಪುಡಿಯನ್ನು ಕೆದಕಿ, "ಸಿಳ್ಳೆ ಆಕಿದ್ದ ನೀನು ಕಂಡ್ಯಾ?" ಅಂತ ಕೇಳಿದರು.

"ಕಂಡೆ ಅಂತ ನಾನ್ ಯಾವತ್ತಂದೆ? ನಂಗೆ ಅನ್ಸಿದ್ ಯೋಳ್ದೆ. ಅನ್ಸಿದ್ ಯೋಳೋ ಅಕ್ಕಿಲ್ವಾ ನಂಗೆ?"

"ಅದೆ ಕಣಪ್ಪ, ಅನ್ಸಿದ್ದು ಯೋಳು. ಏಳು ಒರೆ ಮುಳ್ಳೂ ತಂದು ಆಕು."

ಅಷ್ಟೆ ತೀರ್ಮಾನ. ಕಾವಲಿನವನು ಇರಬೇಕು, ಸುಗ್ಗಿಯಲ್ಲಿ ಯಾರೂ ಅವನ ರಾಗಿ ಹಿಡಿಯಬಾರದು, ಏಣಿ ಹೊಸದು ಮಾಡಿಕೊಡಬೇಕು ಅಂದರು. ನನ್ನ ಬೆಂಚಿನ ದೂರನ್ನು ಎತ್ತಲೇ ಇಲ್ಲ. ನಾನು ಮೆಟ್ಟಿಲು ಹತ್ತಿದ್ದನ್ನೂ ಎತ್ತಲಿಲ್ಲ, ಆದರೆ ಮುಂದಿನ ಸಲ ಚಾವಡಿ ಸೇರಿದಾಗ ಮೆಟ್ಟಿಲಿಗೆ ಅಡ್ಡ ಒಂದು ಗಳ ಕಟ್ಟಿದ್ದರು.

ಮೈದುನ ಮುಳ್ಳು ಕಡಿದ. ಕೂಲಿಯವರನ್ನು ಕಳಿಸುತ್ತೇನೆ ಅಂದದ್ದಕ್ಕೆ ಯಜಮಾನರು ಒಪ್ಪಲಿಲ್ಲ. ಪೇಪರು ಹಿಡಿಯುವ ಕೈ, ಗೀರುಗೀರು. ಸಾಯುವ ತನಕ ಹೇಳುತ್ತಿದ್ದ: ಈ ದೇಶದಲ್ಲಿ ಮಾತಿನ ಸ್ವಾತಂತ್ರ್ಯವನ್ನು ಹಾಳು ಮಾಡಿದವಳು ಒಬ್ಬ ಟೀ ಮಾರುವ ಹೆಂಗಸು ಅಂತ. ಅದನ್ನು ನನ್ನ ಬೆಂಚಿನ ಮೇಲೇ ಕೂತು, ನನ್ನ ಟೀ ಕುಡಿಯುತ್ತಲೇ ಹೇಳುತ್ತಿದ್ದ. ಸಿಳ್ಳೆಯ ಮಾತು ಎತ್ತದಿದ್ದರೆ ನಾನೂ ಎಬ್ಬಿಸುತ್ತಿರಲಿಲ್ಲ.

ಒಂದು ಬಿಟ್ಟೆ. ಅವತ್ತು ಹೊಲದಲ್ಲಿ ಯಜಮಾನರು ಹಿಂತಿರುಗುವ ಮೊದಲು ಇನ್ನೊಂದು ಕೇಳಿದ್ದರು. ಕಂಡ್ಯಾ ಅಂತ ಕೇಳದೆ ಕೂಗು ದಾಟಿಸಿದವರು ಯಾರು ಯಾರು, ಅವರಿಗೂ ತಲಾ ಒಂದು ಹೊರೆ ಅಲ್ಲವೇ ಅಂದರು. ಹದಿನೈದು ಇಪ್ಪತ್ತು ಜನ ಇದ್ದೆವು. ಒಬ್ಬರು ಮೋಡ ನೋಡಿದರು. ಒಬ್ಬರಿಗೆ ಕಾಲಿಗೆ ಮುಳ್ಳು ಚುಚ್ಚಿತು, ಬಗ್ಗಿದರು. ಬಸ್ಸಿಗೆ ನಿಂತವರನ್ನು ಸಿಳ್ಳೆಯ ಮಾತು ಹೇಳಿ ನಗಿಸಿ ಕಳಿಸಿದವಳು ನಾನು. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾವಲಿನವನಿಗೂ ನಾನು ನಕ್ಕದ್ದು ಮಾತ್ರ ಗೊತ್ತಿತ್ತು. ಅವನು ಬದುವಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ. ಚಾವಡಿಯ ಎರಡು ಮೆಟ್ಟಿಲು ಹತ್ತಿ ಮಾತಾಡಿದ್ದೆನಲ್ಲ, ಆ ಬಾಯಿ ಅಲ್ಲಿ ತೆರೆಯಲಿಲ್ಲ. ಯಜಮಾನರು ಸರಿ ಅಂತ ಕೋಲು ಎತ್ತಿಕೊಂಡು ನಡೆದರು. ಎಲ್ಲರೂ ಹಿಂದೆ ನಡೆದೆವು, ಮಳೆಯ ವಿಷಯ ಮಾತಾಡಿಕೊಂಡು.

ಮಾರನೆ ದಿನ ಬೆಳಗ್ಗೆ ಒಲೆ ಹಚ್ಚಲಿಲ್ಲ. ಕತ್ತಿ ತೆಗೆದುಕೊಂಡು ಹೋಗಿ ಒಂದು ಹೊರೆ ಮುಳ್ಳು ಕಡಿದೆ, ಹೊತ್ತುಕೊಂಡು ಬಂದು ಮೈದುನನ ಬೇಲಿಯ ಬಾಯಿಗೆ ಹಾಕಿ, ಕಟ್ಟಿ, ಆಮೇಲೆ ಅಂಗಡಿ ತೆರೆದೆ.